ಮೊದಲನೇದು ಸಿಸೇರಿಯನ್ ಆಗಿದೆ, ಎರಡನೇದಕ್ಕೆ ನಾರ್ಮಲ್ ಪ್ರಯತ್ನ ಮಾಡಬಹುದಾ? ತೀರ್ಮಾನಕ್ಕೆ ಮುಂಚೆ ನೋಡಬೇಕಾದ್ದು

ಮೊದಲ ಮಗು ಸಿಸೇರಿಯನ್, ಈಗ ಮತ್ತೆ ಬಸುರಿ ಅಂತ ಗೊತ್ತಾದ ದಿನದಿಂದ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷ "ಈ ಸಲನಾದ್ರೂ ನಾರ್ಮಲ್ ಮಾಡಿಸ್ಕೊಳ್ಳೇ" ಅನ್ನುತ್ತೆ. ಮಾಡಿಸಿಕೊಳ್ಳೋಕೆ ಅದೇನು ಬ್ಲೌಸಾ, ಅಳತೆ ಕೊಟ್ಟು ಬರೋಕೆ? ಇನ್ನೊಂದು ಪಕ್ಷ "ಒಂದ್ಸಲ ಕುಯ್ದ ಮೇಲೆ ಮುಗೀತು, ಮುಂದಿನದೂ ಆಪರೇಷನ್ನೇ" ಅಂತ ತೀರ್ಪು ಕೊಟ್ಟು, ಕಾಫಿ ಕುಡಿದು ಎದ್ದು ಹೋಗುತ್ತೆ. ಎರಡೂ ಪಕ್ಷದವರು ನಿಮ್ಮ ಹಳೇ ಆಪರೇಷನ್ ಕಾಗದ ಮಾತ್ರ ನೋಡಿರುವುದಿಲ್ಲ.

ನಾನು ಡಾಕ್ಟರ್ ಅಲ್ಲ. ಈ ದಾರಿಯಲ್ಲಿ ಒಂದ್ಸಲ ನಡೆದವಳು, ಆಮೇಲೆ ಚಿಕ್ಕಮ್ಮನ ಮಗಳ ಜೊತೆ ಇನ್ನೊಂದ್ಸಲ ಆಸ್ಪತ್ರೆ ಬೆಂಚಿನ ಮೇಲೆ ಕೂತವಳು, ಅಷ್ಟೇ. ಸಿಸೇರಿಯನ್ ಆದ ಮೇಲೆ ಆಗುವ ನಾರ್ಮಲ್ ಹೆರಿಗೆಗೆ ಡಾಕ್ಟರುಗಳು ವಿಬ್ಯಾಕ್ ಅನ್ನುತ್ತಾರೆ. ಅದಕ್ಕೆ ಪ್ರಯತ್ನ ಪಡುವುದಕ್ಕೆ ಟ್ರಯಲ್ ಅನ್ನುತ್ತಾರೆ. ಆ ಟ್ರಯಲ್ ಅನ್ನೋ ಪದವನ್ನು ಗಟ್ಟಿಯಾಗಿ ಹಿಡ್ಕೊಳ್ಳಿ. ನಾರ್ಮಲ್ ಆಗುತ್ತೋ ಇಲ್ವೋ ಅನ್ನೋದು ನಿಮ್ಮ ಕೈಯಲ್ಲಿಲ್ಲ, ಪ್ರಯತ್ನಕ್ಕೆ ಇಳಿಯಬೇಕೋ ಬೇಡವೋ ಅನ್ನೋದು ಮಾತ್ರ ನಿಮ್ಮ ಕೈಯಲ್ಲಿರುವುದು.

ಬೀರು ತೆಗೆಯಿರಿ

ಮೊದಲ ಕೆಲಸ ಹಳೇ ಫೈಲ್ ಹುಡುಕುವುದು. ನನ್ನದು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಮಗಳ ಜಾತಕದ ಜೊತೆ ಹಳದಿ ಕವರ್‌ನಲ್ಲಿತ್ತು. ತೆಗೆದು ನೋಡಿದರೆ ಡಿಸ್ಚಾರ್ಜ್ ಸಮರಿ ಒಂದೇ ಹಾಳೆ. ಅದರಲ್ಲಿ "ಎಲ್‌ಎಸ್‌ಸಿಎಸ್ ಮಾಡಲಾಗಿದೆ, ಹೆಣ್ಣು ಮಗು, 2.9 ಕೆಜಿ" ಅಂತ ಇತ್ತು, ಮಾತ್ರೆಗಳ ಪಟ್ಟಿ ಇತ್ತು, ಮುಗೀತು. ಯಾಕೆ ಮಾಡಿದರು ಅಂತಲೇ ಇಲ್ಲ.

ಎಲ್‌ಎಸ್‌ಸಿಎಸ್ ಅಂದರೆ ಗರ್ಭಕೋಶದ ಕೆಳಭಾಗದಲ್ಲಿ ಕೊಯ್ದು ಮಗು ತೆಗೆದಿದ್ದಾರೆ ಅಂತ. ಸಾಮಾನ್ಯವಾಗಿ ಅದು ಅಡ್ಡ ಕೊಯ್ತ, ಟ್ರಯಲ್‌ಗೆ ಬೇಕಾಗಿರುವುದೂ ಅದೇ. ಆದರೆ ಕೆಲವು ಸಲ ಅಡ್ಡ ಕೊಯ್ದ ಮೇಲೆ ಮಗು ತೆಗೆಯೋಕೆ ಜಾಗ ಸಾಲದೆ ಮೇಲಕ್ಕೂ ಕೊಯ್ದಿರುತ್ತಾರೆ, ಆಗ ಅದು ತಲೆಕೆಳಗಾದ ಟಿ ಅಕ್ಷರದ ತರ ಆಗಿರುತ್ತೆ. ಕೆಲವು ಸಲ ಕೊಯ್ತ ಪಕ್ಕಕ್ಕೆ ಹರಿದಿರುತ್ತೆ. ಮಗುವಿಗೆ ದಿನ ತುಂಬಾ ಕಡಿಮೆ ಇದ್ದಾಗ, ಅಥವಾ ಮಗು ಅಡ್ಡ ಮಲಗಿದ್ದಾಗ ಗರ್ಭಕೋಶದ ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿರಲೂಬಹುದು. ಉದ್ದ ಕೊಯ್ತ ಅಥವಾ ಟಿ ಕೊಯ್ತ ಇದ್ದರೆ ಟ್ರಯಲ್ ಮಾತು ಅಲ್ಲಿಗೇ ನಿಂತಿತು, ಯಾಕೆಂದರೆ ಆ ಹೊಲಿಗೆ ನೋವಿನ ಸಮಯದಲ್ಲಿ ಬಿಚ್ಚಿಕೊಳ್ಳುವ ಸಾಧ್ಯತೆ ಅಡ್ಡ ಕೊಯ್ತಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಒಂದು ಮಾತು, ತುಂಬಾ ಜನ ಇಲ್ಲೇ ಎಡವುತ್ತಾರೆ. ಹೊಟ್ಟೆ ಮೇಲೆ ಕಾಣುವ ಗುರುತು ನೋಡಿ ಒಳಗಿನದನ್ನು ಹೇಳೋಕಾಗಲ್ಲ. ಚರ್ಮದ ಮೇಲೆ ಬಿಕಿನಿ ಗೆರೆಯಲ್ಲಿ ಅಡ್ಡ ಗುರುತು ಇದ್ದು ಒಳಗೆ ಗರ್ಭಕೋಶಕ್ಕೆ ಉದ್ದ ಕೊಯ್ತ ಇರಬಹುದು. ಹೊರಗೆ ಹೊಕ್ಕುಳಿಂದ ಕೆಳಗೆ ಉದ್ದ ಗುರುತು ಇದ್ದು ಒಳಗೆ ಅಡ್ಡ ಇರಬಹುದು. ಕಾಗದ ಬೇಕೇ ಬೇಕು. ಬೇಕಾಗಿರುವುದು ಡಿಸ್ಚಾರ್ಜ್ ಸಮರಿ ಅಲ್ಲ, ಆಪರೇಷನ್ ನೋಟ್ಸ್, ಅಂದರೆ ಯಾಕೆ ಕೊಯ್ದರು, ಹೇಗೆ ಕೊಯ್ದರು ಅಂತ ಬರೆದಿಟ್ಟ ಹಾಳೆ.

ಮೊದಲ ಹೆರಿಗೆ ಆದ ಆಸ್ಪತ್ರೆಗೆ ಹೋಗಿ ಅದರ ನಕಲು ಕೇಳಿ. ಇಲ್ಲ ಅಂತ ವಾಪಸ್ ಕಳಿಸಿದರೆ ಸುಮ್ನೆ ಬರಬೇಡಿ. ಡಾಕ್ಟರುಗಳ ನಡವಳಿಕೆಗೆ ಅಂತ 2002ರಲ್ಲಿ ಬಂದ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟುಕೊಳ್ಳಬೇಕು, ಕೇಳಿದವರಿಗೆ 72 ಗಂಟೆಯೊಳಗೆ ಕೊಡಬೇಕು. ಬರೆದು ಕೊಡಿ, ತಾರೀಖು ಹಾಕಿ, ಒಂದು ನಕಲು ನಿಮ್ಮ ಹತ್ತಿರ ಇರಲಿ. ನನ್ನ ಮೊದಲ ಹೆರಿಗೆ ಊರಿನ ಹತ್ತಿರದ ಒಂದು ನರ್ಸಿಂಗ್ ಹೋಮ್‌ನಲ್ಲಿ ಆಗಿತ್ತು. ಯಜಮಾನರು ಎರಡು ಸಲ ಹೋಗಿ ಬರಬೇಕಾಯ್ತು. ಮೊದಲ ಸಲ "ಕಂಪ್ಯೂಟರ್ ಬದಲಾಗಿದೆ" ಅಂದರು. ಎರಡನೇ ಸಲ ಒಬ್ಬರು ವಯಸ್ಸಾದ ಸಿಸ್ಟರ್ ಅವರಾಗೇ ಒಳಗೆ ಹೋಗಿ, ರಟ್ಟು ಕಿತ್ತುಹೋದ ಉದ್ದನೆಯ ಆಪರೇಷನ್ ರಿಜಿಸ್ಟರ್ ತಂದು ಟೇಬಲ್ ಮೇಲೆ ಇಟ್ಟರಂತೆ. ನೀಲಿ ಇಂಕಿನಲ್ಲಿ ಒಂದೂವರೆ ಸಾಲು. ಇವರು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು.

ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು "ಅವಳಿಗೆ ದಾರಿ ಚಿಕ್ಕದು, ಅದಕ್ಕೇ ಆಪರೇಷನ್ ಆಯ್ತು" ಅಂತ. ಅತ್ತೆ ನೆಂಟರಿಗೆ ಹೇಳೋರು, ಅಮ್ಮ ಪಕ್ಕದ ಮನೆಗೆ ಹೇಳೋರು, ನಾನೂ ನಂಬಿಬಿಟ್ಟಿದ್ದೆ. ರಿಜಿಸ್ಟರ್‌ನಲ್ಲಿ ಇದ್ದದ್ದು ಬೇರೆ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದಿತ್ತು, ಮಗುವಿನ ಎದೆಬಡಿತ ಇಳಿಯಿತು, ಕೆಳಭಾಗದ ಅಡ್ಡ ಕೊಯ್ತ. ದಾರಿ ಚಿಕ್ಕದು ಅನ್ನೋ ಮಾತೇ ಇಲ್ಲ! ಅದು ಯಾರ ಬಾಯಿಂದ ಹುಟ್ಟಿತೋ ಇವತ್ತಿಗೂ ಗೊತ್ತಿಲ್ಲ.

ಮೊದಲನೇದು ಯಾಕೆ ಆಯ್ತು ಅನ್ನೋದರಲ್ಲೇ ಅರ್ಧ ಉತ್ತರ ಇದೆ

ಮಗು ಕಾಲು ಕೆಳಗೆ ಮಾಡಿ ಕೂತಿತ್ತು, ಎದೆಬಡಿತ ಇಳಿಯಿತು, ಮಾಸು ಕೆಳಗೆ ಬಂದಿತ್ತು. ಈ ತರದ ಕಾರಣಗಳು ಆ ಬಸುರಿಗೆ ಮಾತ್ರ ಸಂಬಂಧಪಟ್ಟವು, ಈ ಸಲ ಮತ್ತೆ ಬರಲೇಬೇಕು ಅಂತ ಏನೂ ಇಲ್ಲ. ಇಂಥವರಿಗೆ ನಾರ್ಮಲ್ ಆಗುವ ಸಾಧ್ಯತೆ ಚೆನ್ನಾಗಿರುತ್ತೆ. ಪೂರ್ತಿ ನೋವು ತಿಂದು, ಬಾಯಿ ಪೂರ್ತಿ ತೆರೆದು, ಗಂಟೆಗಟ್ಟಲೆ ಮುಕ್ಕಿದರೂ ಮಗು ಕೆಳಗೆ ಇಳಿಯಲಿಲ್ಲ ಅಂತಾಗಿದ್ದರೆ ಸಾಧ್ಯತೆ ಸ್ವಲ್ಪ ಕಡಿಮೆ. ಕಡಿಮೆ ಅಂದೆ, ಇಲ್ಲವೇ ಇಲ್ಲ ಅಂದಿಲ್ಲ. ಫೈಲಿನಲ್ಲಿ ಸಿಪಿಡಿ ಅಂತ ಬರೆದಿದ್ದರೆ ಮಗುವಿನ ತಲೆಗೂ ನಿಮ್ಮ ಸೊಂಟದ ಮೂಳೆಗೂ ಹೊಂದಲಿಲ್ಲ ಅಂತ ಅರ್ಥ. ನೋವು ಬರುವ ಮುಂಚೆಯೇ ಹಾಗೆ ಹೇಳಿದ್ದರಾ, ನೋವು ಬಂದ ಮೇಲೆ ಹೇಳಿದ್ದರಾ, ಎಷ್ಟು ಸೆಂಟಿಮೀಟರ್ ಆದ ಮೇಲೆ ಹೇಳಿದ್ದರು ಅಂತ ನೋಡಿ. ನೋವೇ ಶುರುವಾಗದೆ ಸಿಪಿಡಿ ಅಂದಿದ್ದರೆ ಆ ಮಾತನ್ನು ಈಗಿನ ಡಾಕ್ಟರ ಹತ್ತಿರ ಇನ್ನೊಂದ್ಸಲ ಕೇಳಬಹುದು.

ಸಿಸೇರಿಯನ್‌ಗೆ ಮುಂಚೆಯೋ ಆಮೇಲೆಯೋ ಒಂದು ನಾರ್ಮಲ್ ಹೆರಿಗೆ ಆಗಿದ್ದರೆ ನಿಮ್ಮದು ಬೇರೆಯೇ ಲೆಕ್ಕ. ಅಂಥವರಲ್ಲಿ 100ಕ್ಕೆ 85ರಿಂದ 90 ಜನಕ್ಕೆ ನಾರ್ಮಲ್ ಆಗುತ್ತೆ.

ಎರಡು ಹೆರಿಗೆ ಮಧ್ಯೆ ಎಷ್ಟು ಅಂತರ ಇದೆ ನೋಡಿ. 18 ತಿಂಗಳಿಗಿಂತ ಕಡಿಮೆ ಇದ್ದರೆ ಹೊಲಿಗೆ ಬಿಚ್ಚುವ ಅಪಾಯ ಜಾಸ್ತಿ. ತೂಕ ತುಂಬಾ ಜಾಸ್ತಿ ಇದ್ದರೆ, ಮಗು 4 ಕೆಜಿ ದಾಟುವ ಹಾಗೆ ಕಂಡರೆ ಯಶಸ್ಸು ಕಡಿಮೆಯಾಗುತ್ತೆ. ಈ ಬಸುರಿಯಲ್ಲಿ ಮಾಸು ಎಲ್ಲಿ ಕೂತಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಕೇಳಲೇಬೇಕು. ಹಳೇ ಹೊಲಿಗೆ ಮೇಲೆ ಬಂದು ಗರ್ಭಕೋಶದ ಬಾಯಿ ಮುಚ್ಚಿದ್ದರೆ ಟ್ರಯಲ್ ಇಲ್ಲ, ದೊಡ್ಡ ಆಸ್ಪತ್ರೆಗೇ ಹೋಗಬೇಕು. ಹೊಲಿಗೆ ಎಷ್ಟು ಮಿಲಿಮೀಟರ್ ದಪ್ಪ ಇದೆ ಅಂತ ಸ್ಕ್ಯಾನ್‌ನಲ್ಲಿ ಅಳೆಯುವವರೂ ಇದ್ದಾರೆ. ಇಷ್ಟಿದ್ದರೆ ಸರಿ, ಇಷ್ಟಿದ್ದರೆ ಬೇಡ ಅಂತ ಎಲ್ಲರೂ ಒಪ್ಪಿದ ಒಂದು ಅಳತೆ ಇಲ್ಲ, ಹಾಗಾಗಿ ಬರೀ ಆ ನಂಬರ್ ನೋಡಿ ಹೆದರಬೇಡಿ, ಬೀಗಲೂಬೇಡಿ.

ಅಪಾಯ ಎಷ್ಟು?

ಒಂದು ಸಿಸೇರಿಯನ್ ಆಗಿದ್ದು, ಕೆಳಭಾಗದ ಅಡ್ಡ ಕೊಯ್ತ ಇದ್ದು, ಪ್ರಯತ್ನಕ್ಕೆ ಇಳಿದ 100 ಜನರಲ್ಲಿ 60ರಿಂದ 80 ಜನಕ್ಕೆ ನಾರ್ಮಲ್ ಆಗುತ್ತೆ. ಉಳಿದವರಿಗೆ ಮಧ್ಯದಲ್ಲಿ ಸಿಸೇರಿಯನ್ ಮಾಡಬೇಕಾಗುತ್ತೆ. ಎಲ್ಲರೂ ಹೆದರುವ ಆ ಹೊಲಿಗೆ ಬಿಚ್ಚೋದು, ಅಂದರೆ ಗರ್ಭಕೋಶ ಹರಿಯೋದು, ಸುಮಾರು 200ರಲ್ಲಿ ಒಬ್ಬರಿಗೆ. 200ರಲ್ಲಿ ಒಂದು ಅಂದರೆ ಏನೂ ಇಲ್ಲ ಬಿಡು ಅನ್ನಿಸಬಹುದು. ಆದರೆ ಆದಾಗ ನಿಮಿಷಗಳ ಲೆಕ್ಕ, ಮಗುವಿನ ಜೀವಕ್ಕೆ, ನಿಮ್ಮ ಗರ್ಭಕೋಶಕ್ಕೆ ಅಪಾಯ. ನೋವು ಬರುವ ಮುಂಚೆಯೇ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿಸಿಕೊಂಡರೆ ಈ ಅಪಾಯ ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಆಪರೇಷನ್ನೇ ಮಾಡಿಸಿಬಿಡೋಣ ಅಂದರೆ ಅದಕ್ಕೂ ಬೆಲೆ ಇದೆ, ಅದು ಮುಂದಿನ ಬಸುರಿಯಲ್ಲಿ ಕಟ್ಟಬೇಕಾಗುವ ಬೆಲೆ. ಸಿಸೇರಿಯನ್ ಜಾಸ್ತಿ ಆದಷ್ಟೂ ಮಾಸು ಹಳೇ ಹೊಲಿಗೆಯೊಳಗೆ ಬೇರು ಬಿಟ್ಟ ಹಾಗೆ ಅಂಟಿಕೊಳ್ಳುವ ಭಯ ಜಾಸ್ತಿ. ಅಮೆರಿಕದಲ್ಲಿ 2006ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಮಾಸು ಕೆಳಗೆ ಬಂದು ಕೂತವರನ್ನು ಮಾತ್ರ ತೆಗೆದುಕೊಂಡರೆ, ಹೀಗೆ ಅಂಟಿದ್ದು ಮೊದಲ ಸಿಸೇರಿಯನ್‌ನಲ್ಲಿ 100ಕ್ಕೆ 3 ಜನಕ್ಕೆ, ಎರಡನೇದರಲ್ಲಿ 11, ಮೂರನೇದರಲ್ಲಿ 40. ಆಗ ರಕ್ತ ಧಾರಾಳ ಹೋಗುತ್ತೆ, ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತೆ. ಎರಡು ಮಕ್ಕಳು ಸಾಕು, ಆಪರೇಷನ್ ಜೊತೆಗೇ ಟ್ಯೂಬೆಕ್ಟಮಿ ಮಾಡಿಸಿಬಿಡುತ್ತೀನಿ ಅನ್ನುವವರಿಗೆ ಈ ಲೆಕ್ಕ ದೊಡ್ಡದಲ್ಲ. ಮೂರನೇದೂ ಬೇಕು ಅನ್ನುವ ಆಸೆ ಇದ್ದರೆ ಈಗಲೇ ಬಾಯಿಬಿಟ್ಟು ಡಾಕ್ಟರಿಗೆ ಹೇಳಿ, ತಕ್ಕಡಿ ಟ್ರಯಲ್ ಕಡೆ ವಾಲುತ್ತೆ.

ಇನ್ನೊಂದು ಕಹಿ ಸತ್ಯ. ಮೂರು ದಾರಿಯಲ್ಲಿ ಅತಿ ಒಳ್ಳೇದು ನಾರ್ಮಲ್ ಆಗಿಬಿಡೋದು, ನಡುವಿನದು ದಿನ ಗೊತ್ತು ಮಾಡಿದ ಸಿಸೇರಿಯನ್, ಜಾಸ್ತಿ ತೊಂದರೆ ಕೊಡೋದು ಪ್ರಯತ್ನ ಪಟ್ಟು ಆಗದೆ ಕೊನೇಗೆ ಓಡಿ ಮಾಡುವ ಸಿಸೇರಿಯನ್. ಆದ್ದರಿಂದ ಎಲ್ಲರೂ ಪ್ರಯತ್ನ ಮಾಡಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಸಾಧ್ಯತೆ ಎಷ್ಟು ಚೆನ್ನಾಗಿದೆಯೋ ಅಷ್ಟೇ ಧೈರ್ಯ ಮಾಡಿ.

"ಒಂದ್ಸಲ ಸಿಸೇರಿಯನ್, ಯಾವಾಗಲೂ ಸಿಸೇರಿಯನ್" ಅನ್ನುವ ಮಾತು ನಮ್ಮ ಅತ್ತೆಯದಲ್ಲ. 1916ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಎಡ್ವಿನ್ ಕ್ರಾಗಿನ್ ಬರೆದದ್ದು. ಆಗೆಲ್ಲ ಗರ್ಭಕೋಶಕ್ಕೆ ಉದ್ದಕ್ಕೆ ಕೊಯ್ಯುತ್ತಿದ್ದರು, ಹಾಗಾಗಿ ಆ ಮಾತು ಆಗ ಸರಿಯಾಗೇ ಇತ್ತು. ಅವರೂ ಅದೇ ಬರಹದಲ್ಲಿ ಇದಕ್ಕೆ ಅಪವಾದಗಳು ಉಂಟು ಅಂತ ಸೇರಿಸಿದ್ದರು. ಆಮೇಲೆ 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕರ್ ಕೆಳಭಾಗದ ಅಡ್ಡ ಕೊಯ್ತವನ್ನು ರೂಢಿಗೆ ತಂದರು. ಕೊಯ್ತ ಬದಲಾಗಿ 100 ವರ್ಷ ಆಯ್ತು, ಮಾತು ಮಾತ್ರ ಹಾಗೇ ಉಳಿದಿದೆ.

ಆಸ್ಪತ್ರೆ ಆರಿಸುವುದು

ನನ್ನ ಪ್ರಕಾರ ಅತಿ ಮುಖ್ಯವಾದದ್ದು ಇದು, ಜನ ಅತಿ ಕಡಿಮೆ ಯೋಚನೆ ಮಾಡುವುದೂ ಇದನ್ನೇ. ರಾತ್ರಿ 3 ಗಂಟೆಗೆ ಮಗುವಿನ ಎದೆಬಡಿತ ಇಳಿದರೆ ಆಪರೇಷನ್ ಎಷ್ಟು ಹೊತ್ತಿಗೆ ಶುರುವಾಗುತ್ತೆ? ಈ ಪ್ರಶ್ನೆಯನ್ನು ಇದೇ ಮಾತಿನಲ್ಲಿ ಕೇಳಿ. ಅನಸ್ತೇಷಿಯಾ ಡಾಕ್ಟರ್ ರಾತ್ರಿ ಆಸ್ಪತ್ರೆಯಲ್ಲೇ ಇರ್ತಾರಾ, ಫೋನ್ ಮಾಡಿ ಕರೆಸ್ತೀರಾ? ಕರೆಸುವುದಾದರೆ ಅವರ ಮನೆ ಎಷ್ಟು ದೂರ? ರಕ್ತ ಇಲ್ಲೇ ಸಿಗುತ್ತಾ, ನಾವು ಓಡಬೇಕಾ? ಮಗುವಿಗೆ ಎನ್‌ಐಸಿಯು, ಅಂದರೆ ಹುಟ್ಟಿದ ಮಕ್ಕಳ ಐಸಿಯು ಇದೆಯಾ? ನೋವು ಇದ್ದಷ್ಟು ಹೊತ್ತೂ ಮಗುವಿನ ಎದೆಬಡಿತವನ್ನು ಮೆಷಿನ್‌ನಲ್ಲಿ ಬಿಡದೆ ನೋಡ್ತೀರಾ? ಈ ಕೊನೆಯದು ತುಂಬಾ ಮುಖ್ಯ, ಯಾಕೆಂದರೆ ಹೊಲಿಗೆ ಬಿಚ್ಚುವಾಗ ಸಾಮಾನ್ಯವಾಗಿ ಮೊದಲು ಸುಳಿವು ಕೊಡುವುದು ಮಗುವಿನ ಎದೆಬಡಿತ.

"ನಮ್ಮಲ್ಲಿ ವಿಬ್ಯಾಕ್ ಮಾಡಲ್ಲಮ್ಮ" ಅಂತ ನೇರವಾಗಿ ಹೇಳುವ ಡಾಕ್ಟರ ಮೇಲೆ ಸಿಟ್ಟಾಗಬೇಡಿ. ರಾತ್ರಿ ಒಬ್ಬರೇ ಇರುವ ಚಿಕ್ಕ ಆಸ್ಪತ್ರೆಯಲ್ಲಿ ಆ ಉತ್ತರವೇ ಪ್ರಾಮಾಣಿಕವಾದದ್ದು. "ನೋಡೋಣ, ನೋಡೋಣ" ಅಂತ 37ನೇ ವಾರದ ತನಕ ತಳ್ಳಿ ಆಮೇಲೆ ಒಮ್ಮೆಲೇ ತಾರೀಖು ಕೊಡುವವರು ಇದ್ದಾರಲ್ಲ, ಅವರ ಬಗ್ಗೆ ಹುಷಾರು. ಹಾಗೇ, ನಮ್ಮ ರಾಜ್ಯದಲ್ಲಿ ಸಿಸೇರಿಯನ್ ಕಡಿಮೆ ಏನಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ 100 ಹೆರಿಗೆಗೆ 31.5 ಸಿಸೇರಿಯನ್, ಇಡೀ ದೇಶದಲ್ಲಿ 21.5. ದೇಶದ ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ 47.4. ಹಾಗಾಗಿ ಹೊಲಿಗೆ ಹೊತ್ತುಕೊಂಡು ಎರಡನೇ ಹೆರಿಗೆಗೆ ಬರುವವರು ಬೇಕಾದಷ್ಟು ಜನ, ನೀವೇನೂ ವಿಚಿತ್ರ ಪ್ರಶ್ನೆ ಕೇಳುತ್ತಿಲ್ಲ.

ದುಡ್ಡಿನ ತೊಂದರೆ ಇದ್ದರೆ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳನ್ನು ಬಿಟ್ಟುಬಿಡಬೇಡಿ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಶನ್ ಇವೆಲ್ಲ ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಇರುವ ಕಡೆ. ಗಲಾಟೆ ಇರುತ್ತೆ, ಕಾಯಬೇಕಾಗುತ್ತೆ. ಸುತ್ತಮುತ್ತ ಊರುಗಳಿಂದ ಕಷ್ಟದ ಕೇಸುಗಳು ಕೊನೆಗೆ ಬರುವುದೂ ಇಂಥ ಕಡೆಗೇ. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿ ತಿಂಗಳು 9ನೇ ತಾರೀಖು ಬಸುರಿಯರ ವಿಶೇಷ ತಪಾಸಣೆ ಇರುತ್ತೆ. ತಾಯಿ ಕಾರ್ಡ್ ಮೇಲೆ ಹಿಂದಿನ ಸಿಸೇರಿಯನ್ ವಿಷಯ ದಪ್ಪಗೆ ಬರೆಸಿಕೊಳ್ಳಿ.

ಈಗ ತವರಿನ ವಿಷಯ. ಅಮ್ಮನ ಮನೆಯಲ್ಲಿ ಬಾಣಂತನ ಆಗಲಿ, ಯಾರು ಬೇಡ ಅಂದರು. ಆದರೆ ಹೆರಿಗೆಯೂ ಅಲ್ಲೇ ಆಗಬೇಕಾ? ತವರಿಂದ ಒಳ್ಳೇ ಆಸ್ಪತ್ರೆಗೆ ಘಾಟಿ ಇಳಿದು ಎರಡು ಗಂಟೆ ಇದ್ದರೆ ಟ್ರಯಲ್ ಆಸೆ ಬಿಡಿ, ಇಲ್ಲ ತವರು ಬಿಡಿ. ಚಿಕ್ಕಮ್ಮನ ಮಗಳದ್ದು ಇದೇ ಕಥೆ. ಅವಳ ಕಾಗದ ಎಲ್ಲ ಚೆನ್ನಾಗಿತ್ತು, ಡಾಕ್ಟರ್ ಒಪ್ಪಿದ್ದರು, ಆದರೆ ಗಂಡ ಕೆಲಸದ ಮೇಲೆ ಹೊರಗೆ, ದೊಡ್ಡ ಮಗುವನ್ನು ನೋಡಿಕೊಳ್ಳೋಕೆ ಊರಲ್ಲಿ ಮಾತ್ರ ಜನ. ಅವಳು ಕೂತು ಯೋಚನೆ ಮಾಡಿ ಸಿಸೇರಿಯನ್‌ಗೇ ದಿನ ಗೊತ್ತು ಮಾಡಿಸಿದಳು. ಅದು ಸೋಲು ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿ.

ದಿನ ಗೊತ್ತು ಮಾಡುವವರು 39 ವಾರ ತುಂಬಲಿ. ಅದಕ್ಕಿಂತ ಮುಂಚೆ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಜಾಸ್ತಿ. ಅಮಾವಾಸ್ಯೆ ಬರುತ್ತೆ, ನಕ್ಷತ್ರ ಚೆನ್ನಾಗಿಲ್ಲ ಅಂತ 37ಕ್ಕೆ ಎಳೆಯಬೇಡಿ. 39ರಿಂದ 40ರ ಮಧ್ಯೆ ಯಾವುದಾದರೂ ಒಳ್ಳೇ ದಿನ ಪಂಚಾಂಗದಲ್ಲಿ ಸಿಕ್ಕೇ ಸಿಗುತ್ತೆ, ಜೋಯಿಸರೂ ಹೊಂದಿಸಿಕೊಳ್ಳುತ್ತಾರೆ.

ನೋವು ತಾನಾಗೇ ಬರದಿದ್ದರೆ?

ಇದನ್ನು 36ನೇ ವಾರದಲ್ಲೇ ಮಾತಾಡಿಟ್ಟುಕೊಳ್ಳಿ. ಡ್ರಿಪ್ ಹಾಕಿ, ಜೆಲ್ ಇಟ್ಟು ನೋವು ಬರಿಸಿದರೆ ಹೊಲಿಗೆ ಬಿಚ್ಚುವ ಅಪಾಯ ತಾನಾಗೇ ನೋವು ಬಂದವರಿಗಿಂತ 2ರಿಂದ 3 ಪಟ್ಟು. ಮಿಸೊಪ್ರೊಸ್ಟಾಲ್ ಅನ್ನುವ ಮಾತ್ರೆಯನ್ನು ದಿನ ತುಂಬಿದ, ಹಿಂದೆ ಸಿಸೇರಿಯನ್ ಆದವರಿಗೆ ನೋವು ಬರಿಸೋಕೆ ಕೊಡಬಾರದು. ಈ ಹೆಸರು ನಿಮ್ಮ ಜೊತೆ ಇರುವವರಿಗೂ ಗೊತ್ತಿರಲಿ. ನಾನು ಡಾಕ್ಟರ ಹತ್ತಿರ ಮಾಡಿಕೊಂಡ ಒಪ್ಪಂದ ಹೀಗಿತ್ತು: 40 ವಾರ 5 ದಿನದ ತನಕ ಕಾಯೋದು, ಬರದಿದ್ದರೆ ಜೆಲ್ ಗಿಲ್ ಏನೂ ಬೇಡ, ನೇರ ಆಪರೇಷನ್. ನಿಮ್ಮದು ಬೇರೆ ಇರಬಹುದು. ಏನಾದರೂ ಒಂದು ಮಾತು ಆಗಿರಲಿ.

ಎಪಿಡ್ಯೂರಲ್, ಅಂದರೆ ಹೆರಿಗೆ ನೋವು ಕಡಿಮೆ ಮಾಡೋಕೆ ಬೆನ್ನಿಗೆ ಕೊಡುವ ಔಷಧಿ, ತಗೊಳ್ಳಬಹುದು. ಹೊಲಿಗೆ ನೋವು ಗೊತ್ತಾಗದೆ ಹೋಗುತ್ತೆ ಅಂತ ಹಿಂದೆ ಹೆದರುತ್ತಿದ್ದರು, ಈಗ ಅದೊಂದು ಕಾರಣಕ್ಕೆ ಬೇಡ ಅನ್ನುವುದಿಲ್ಲ.

ಆ ದಿನ

ಬೇರೆಯವರ ತರ "ನೋವು ಜೋರಾಗಲಿ, ಆಮೇಲೆ ಹೋಗೋಣ" ಅಂತ ಮನೆಯಲ್ಲಿ ಕೂರಬೇಡಿ. ನೋವು ಶುರುವಾದರೆ, ನೀರು ಒಡೆದರೆ, ರಕ್ತ ಕಂಡರೆ ಹೊರಡಿ. ಗಾಡಿ ಇಲ್ಲ ಅಂದರೆ 108. ಲೇಬರ್ ವಾರ್ಡ್‌ನಲ್ಲಿ ಮೊದಲ ಮಾತೇ "ನನಗೆ ಮೊದಲು ಸಿಸೇರಿಯನ್ ಆಗಿದೆ" ಅಂತ ಇರಲಿ, ಡ್ಯೂಟಿ ಬದಲಾದಾಗಲೆಲ್ಲ ಮತ್ತೆ ಹೇಳಿ. ಒಂದು ನೋವಿಗೂ ಇನ್ನೊಂದಕ್ಕೂ ಮಧ್ಯೆ ಬಿಡುವಿಲ್ಲದೆ ಒಂದೇ ಸಮನೆ ನೋವು, ಹಳೇ ಹೊಲಿಗೆ ಜಾಗದಲ್ಲಿ ಹರಿದ ಹಾಗೆ ಅನ್ನಿಸೋದು, ಭುಜದ ತುದಿಯಲ್ಲಿ ನೋವು, ರಕ್ತ ಹೋಗೋದು, ಚೆನ್ನಾಗಿ ಬರ್ತಿದ್ದ ನೋವು ಒಮ್ಮೆಲೇ ನಿಂತುಹೋಗೋದು, ತಲೆ ಸುತ್ತೋದು. ಇದರಲ್ಲಿ ಯಾವುದು ಆದರೂ ಸಂಕೋಚ ಬಿಟ್ಟು ಕೂಗಿ. ಜೊತೆಗೆ ಇರುವವರಿಗೂ ಮೊದಲೇ ಹೇಳಿಕೊಡಿ, ಆ ಹೊತ್ತಿನಲ್ಲಿ ನಿಮಗೆ ಮಾತು ಬರದೇ ಇರಬಹುದು.

ನನಗೆ 39 ವಾರ 6 ದಿನಕ್ಕೆ ಬೆಳಗಿನ ಜಾವ ನೋವು ಬಂತು. ಮಧ್ಯಾಹ್ನಕ್ಕೆ 7 ಸೆಂಟಿಮೀಟರ್. ಅಲ್ಲಿಂದ ಮುಂದೆ ಏನು ಮಾಡಿದರೂ ಕದಲಲಿಲ್ಲ. ನಾಲ್ಕು ಗಂಟೆ ಕಾದು ಡಾಕ್ಟರ್ ಬಂದು ಮಂಚದ ಅಂಚಲ್ಲಿ ಕೂತು, "ಇನ್ನೂ ಕಾಯಬಹುದು, ಆದರೆ ನನಗೆ ಇಷ್ಟ ಇಲ್ಲ, ನೀನು ಏನಂತೀಯಮ್ಮ?" ಅಂದರು. ನಾನು ಸರಿ ಅಂದೆ. ಹತ್ತು ನಿಮಿಷದಲ್ಲಿ ಆಪರೇಷನ್ ಕೋಣೆಗೆ ಕರೆದುಕೊಂಡು ಹೋದರು, ಗಂಡು ಮಗು, 3.4 ಕೆಜಿ. ಹೊರಗೆ ಅತ್ತೆ "ಅದಕ್ಕೇ ಹೇಳಿದ್ದು, ದಾರಿ ಚಿಕ್ಕದು" ಅಂದರಂತೆ. ಹೇಳಲಿ ಬಿಡಿ. ಪ್ರಯತ್ನ ಮಾಡದೇ ಇದ್ದಿದ್ದರೆ ಇವತ್ತಿಗೂ ಮನಸ್ಸಲ್ಲಿ ಕೊರೀತಾ ಇರೋದು, ಈಗ ಹಾಗಿಲ್ಲ.

ಎರಡು ಸಿಸೇರಿಯನ್ ಆದವರು ಮೂರನೇದಕ್ಕೆ ಟ್ರಯಲ್ ಕೇಳಿದರೆ ಪೂರ್ತಿ ಬಾಗಿಲು ಮುಚ್ಚಿಲ್ಲ, ಆದರೆ ಒಪ್ಪುವ ಡಾಕ್ಟರುಗಳು ಕಡಿಮೆ, ತುಂಬಾ ಅನುಭವ ಇರುವವರ ಕೈಯಲ್ಲಿ ಮಾತ್ರ.

ಕೊನೆಯದಾಗಿ, ನಾರ್ಮಲ್ ಆಗಲಿ ಸಿಸೇರಿಯನ್ ಆಗಲಿ, ಡಿಸ್ಚಾರ್ಜ್ ದಿನ ಬಿಲ್ ಕಟ್ಟಿ ಹಾಗೇ ಎದ್ದು ಬರಬೇಡಿ. ಕೊಯ್ತ ಯಾವುದು, ಹರಿದಿತ್ತಾ, ಹೊಲಿಗೆ ತೆಳ್ಳಗಾಗಿತ್ತಾ, ಯಾಕೆ ಮಾಡಿದರು, ಎಷ್ಟು ಸೆಂಟಿಮೀಟರ್ ಆಗಿತ್ತು, ಇಷ್ಟನ್ನೂ ಬರೆಸಿಕೊಂಡು ಆಪರೇಷನ್ ನೋಟ್ಸ್ ನಕಲು ಕೇಳಿ. ಈ ಸಲ ನಾನು ಮಗು ಎತ್ತಿಕೊಂಡೇ ಕೌಂಟರ್ ಹತ್ತಿರ ನಿಂತೆ, ಅವರು ಜೆರಾಕ್ಸ್ ಮಾಡಿ ಕೊಡುವ ತನಕ ಆಟೋ ಕಾಯ್ತಾ ಇತ್ತು. ಎರಡು ಹಾಳೆ. ಒಂದು ಫೋನ್‌ನಲ್ಲಿದೆ, ಒಂದು ಬೀರುವಿನ ಹಳದಿ ಕವರ್‌ನಲ್ಲಿ, ರಿಜಿಸ್ಟರ್ ಫೋಟೋದ ಪ್ರಿಂಟ್ ಜೊತೆ ಪಿನ್ ಮಾಡಿಟ್ಟಿದ್ದೀನಿ.